ಸರ್ಕಾರ ಹೂಡಿದ ಪಂದ್ಯ

2004ರ ಮಾರ್ಚ್ 13, ಶನಿವಾರ. ಅಮೆರಿಕದ ಕ್ಯಾಲಿಫೋರ್ನಿಯಾದ ಮೊಹಾವೆ ಮರುಭೂಮಿಯಲ್ಲಿ, ಬಾರ್‌ಸ್ಟೋ ಎಂಬ ಊರಿನ ಹೊರಗೆ ಅಂದು ಬೆಳಿಗ್ಗೆ ಒಂದು ವಿಚಿತ್ರ ಜಾತ್ರೆ ಸೇರಿತ್ತು. ಸೇನೆಗೆ ಟ್ರಕ್ಕು ಮಾಡಿಕೊಡುವವರ ಭಾರೀ ಲಾರಿ, ಹಮ್ವಿ ಎಂಬ ದಪ್ಪ ಜೀಪು, ಮನೆಮಂದಿ ಓಡಾಡುವಂಥ ಸಾಧಾರಣ ಕಾರು, ಜೊತೆಗೆ ಒಂದು ಮೋಟಾರ್ ಸೈಕಲ್ಲು. ಯಾವುದರಲ್ಲೂ ಚಾಲಕನಿಲ್ಲ. ರಿಮೋಟ್ ಹಿಡಿದು ದೂರದಿಂದ ನಡೆಸುವವರೂ ಇಲ್ಲ. ವಾಹನ ತಾನೇ ನೋಡಬೇಕು, ತಾನೇ ಯೋಚಿಸಬೇಕು, ಹತ್ತು ಗಂಟೆಯೊಳಗೆ 142 ಮೈಲಿ, ಅಂದರೆ ಸುಮಾರು 228 ಕಿಲೋಮೀಟರ್ ಓಡಿ ನೆವಾಡಾ ರಾಜ್ಯದ ಪ್ರಿಮ್ ಊರನ್ನು ಮುಟ್ಟಬೇಕು. ಮೊದಲು ಮುಟ್ಟಿದವರಿಗೆ ಹತ್ತು ಲಕ್ಷ ಡಾಲರ್. ಅಂದಿನ ಲೆಕ್ಕದಲ್ಲಿ ನಾಲ್ಕೂವರೆ ಕೋಟಿ ರೂಪಾಯಿ.

ಪಂದ್ಯ ಕಟ್ಟಿದ್ದು ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಾರ್ಪಾ. ಅರ್ಜಿ ಹಾಕಿದ್ದು 106 ತಂಡಗಳು. ಅಂತಿಮ ಸುತ್ತಿಗೆ ಬಂದದ್ದು 15.

ಆಮೇಲೆ ನಡೆದದ್ದನ್ನು ಕೇಳಿ. ಮೋಟಾರ್ ಸೈಕಲ್ಲು ಹೊರಟಲ್ಲೇ ಮಗುಚಿ ಬಿತ್ತು. ಸಮತೋಲನದ ಯಂತ್ರದ ಗುಂಡಿ ಒತ್ತುವುದನ್ನು ಅದನ್ನು ಕಟ್ಟಿದವನೇ ಮರೆತಿದ್ದ! ಪ್ರೌಢಶಾಲೆಯ ಹುಡುಗರು ಸಜ್ಜುಗೊಳಿಸಿದ್ದ ಕಾರು ಹೊರಟ ಜಾಗದಲ್ಲೇ ಗೋಡೆಗೆ ಗುದ್ದಿತು. ಆ ಭಾರೀ ಲಾರಿ ಎರಡು ಕಿಲೋಮೀಟರ್ ಹೋಗಿ ಕುರುಚಲು ಗಿಡಗಳನ್ನು ಕಂಡು ನಿಂತಿತು. ತುಳಿದುಕೊಂಡು ಹೋಗಬಹುದಾದ ಗಿಡ ಅದಕ್ಕೆ ಬಂಡೆಯಂತೆ ಕಂಡಿತ್ತು. ಮುಂದೆಯೂ ಹೋಗದೆ ಹಿಂದೆಯೂ ಬಾರದೆ ಅಲ್ಲೇ ಉಳಿಯಿತು. ಎಲ್ಲರಿಗಿಂತ ದೂರ ಹೋದದ್ದು ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ‘ಸ್ಯಾಂಡ್‌ಸ್ಟಾರ್ಮ್’ ಎಂಬ ಹಮ್ವಿ. ಅದೂ ಒಂದು ಕಡಿದಾದ ತಿರುವಿನಲ್ಲಿ ಮಣ್ಣಿನ ದಿಣ್ಣೆಗೆ ಹೊಟ್ಟೆ ಸಿಕ್ಕಿಸಿಕೊಂಡು, ಗಾಲಿ ಗಿರಗಿರನೆ ತಿರುಗಿ ಟೈರಿನಿಂದ ಹೊಗೆ ಬರುವವರೆಗೆ ಒದ್ದಾಡಿ ನಿಂತಿತು. ಓಡಿದ್ದು ಹನ್ನೆರಡು ಕಿಲೋಮೀಟರಿಗೂ ತುಸು ಕಡಿಮೆ. ಬಹುಮಾನ ಯಾರಿಗೂ ಸಿಗಲಿಲ್ಲ.

ಪತ್ರಿಕೆಗಳು ನಕ್ಕವು. ಡಾರ್ಪಾದ ಅಂದಿನ ಮುಖ್ಯಸ್ಥ ಟೋನಿ ಟೆದರ್ ನಗುವಿಗೆ ಅಂಜದೆ ಬಹುಮಾನವನ್ನು ಇಮ್ಮಡಿ ಮಾಡಿ, ಮುಂದಿನ ವರ್ಷ ಮತ್ತೆ ಬನ್ನಿ ಎಂದರು. ನಮ್ಮಲ್ಲಾಗಿದ್ದರೆ ಮಾರ್ಚ್ 31ಕ್ಕೆ ಆ ಹಣ ‘ಖರ್ಚಾಗದ ಅನುದಾನ’ ಎಂಬ ಹಣೆಪಟ್ಟಿ ಹೊತ್ತು ಖಜಾನೆಗೆ ವಾಪಸು ಹೋಗುತ್ತಿತ್ತು. ಯೋಜನೆಯ ಅಧಿಕಾರಿ ವಿವರಣೆ ಬರೆದುಕೊಡುತ್ತ ಕೂರಬೇಕಿತ್ತು.

ಮತ್ತೆ ಬಂದರು. 2005ರ ಅಕ್ಟೋಬರ್ 8ರಂದು ಅದೇ ಮೊಹಾವೆಯಲ್ಲಿ 132 ಮೈಲಿಯ ಹಾದಿ. ಈ ಸಲ 195 ಅರ್ಜಿ, 23 ವಾಹನ. ಐದು ವಾಹನಗಳು ಕೊನೆ ಮುಟ್ಟಿದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ‘ಸ್ಟ್ಯಾನ್ಲಿ’ ಎಂಬ ನೀಲಿ ಫೋಕ್ಸ್‌ವ್ಯಾಗನ್ ಆರು ಗಂಟೆ ಐವತ್ತನಾಲ್ಕು ನಿಮಿಷದಲ್ಲಿ ಗುರಿ ಸೇರಿತು. ಹಳೆಯ ಸ್ಯಾಂಡ್‌ಸ್ಟಾರ್ಮ್ ಹನ್ನೊಂದು ನಿಮಿಷ ಹಿಂದೆ. 23ರಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲ ವಾಹನಗಳೂ ಹಿಂದಿನ ವರ್ಷದ ಅತಿ ಹೆಚ್ಚಿನ ದೂರವನ್ನು ದಾಟಿದ್ದವು.

ಒಂದೂವರೆ ವರ್ಷದಲ್ಲಿ ಏನಾಯಿತು? ಯಂತ್ರಗಳ ಕಣ್ಣು ಅಷ್ಟೇನೂ ಬದಲಾಗಿರಲಿಲ್ಲ, ಲೇಸರುಗಳು ಹೆಚ್ಚುಕಡಿಮೆ ಅವೇ. ಬದಲಾದದ್ದು ಕಂಡದ್ದನ್ನು ಅರ್ಥ ಮಾಡಿಕೊಳ್ಳುವ ಬಗೆ. ಸ್ಟ್ಯಾನ್‌ಫರ್ಡ್‌ನ ಸೆಬಾಸ್ಟಿಯನ್ ಥ್ರನ್ ಮತ್ತು ಸಂಗಡಿಗರು ಮೊದಲು ಮನುಷ್ಯನೊಬ್ಬನಿಂದ ಆ ಕಾರನ್ನು ಮರುಭೂಮಿಯಲ್ಲಿ ಓಡಿಸಿದರು. ಮನುಷ್ಯ ಯಾವುದರ ಮೇಲೆ ಹತ್ತಿಸಿಕೊಂಡು ಹೋದನೋ ಅದು ದಾರಿ. ಯಾವುದನ್ನು ಸುತ್ತಿ ಹೋದನೋ ಅದು ಅಡ್ಡಿ. ಗಿಡವನ್ನು ಬಂಡೆಯೆಂದು ಹೆದರುವ ಚಾಳಿ ಹೀಗೆ ತಪ್ಪಿತು. ಇನ್ನೊಂದು ಜಾಣತನವನ್ನೂ ಮಾಡಿದರು. ಲೇಸರಿಗೆ ಹತ್ತಿರದ ನೆಲ ಮಾತ್ರ ಕಾಣುತ್ತದೆ, ಕ್ಯಾಮೆರಾಗೆ ದೂರದ್ದೂ ಕಾಣುತ್ತದೆ. ಕಾಲಬುಡದಲ್ಲಿ ಲೇಸರು ‘ಇದು ಸಮತಟ್ಟಾದ ದಾರಿ’ ಎಂದು ತೋರಿಸಿದ ನೆಲದ ಬಣ್ಣವನ್ನು ಗಮನಿಸಿಕೊಂಡು, ಅದೇ ಬಣ್ಣ ಮುಂದೆಲ್ಲಿದೆಯೆಂದು ಕ್ಯಾಮೆರಾ ಹುಡುಕುತ್ತಿತ್ತು. ಓಡುತ್ತ ಓಡುತ್ತಲೇ ಕಾರು ಕಲಿಯುತ್ತಿತ್ತು, ಕಲಿತಷ್ಟೂ ವೇಗ ಹೆಚ್ಚಿಸಿಕೊಳ್ಳುತ್ತಿತ್ತು. ಯಂತ್ರಕಲಿಕೆ ಎಂದು ಈಗ ನಾವು ದಿನಾ ಕೇಳುವ ಸಂಗತಿ ಪ್ರಯೋಗಶಾಲೆ ಬಿಟ್ಟು ಧೂಳಿನಲ್ಲಿ ಎಲ್ಲರ ಕಣ್ಣೆದುರು ಗೆದ್ದ ದಿನ ಅದು.

ನಾಲ್ಕನೆಯದಾಗಿ ಗುರಿ ತಲುಪಿದವರ ಬಗ್ಗೆಯೂ ಒಂದು ಮಾತು. ಅದು ವಿಶ್ವವಿದ್ಯಾಲಯವಲ್ಲ, ನ್ಯೂ ಆರ್ಲಿಯನ್ಸ್ ಪಕ್ಕದ ಊರಿನ ಒಂದು ವಿಮಾ ಕಂಪನಿ. ಪಂದ್ಯಕ್ಕೆ ಆರು ವಾರ ಇರುವಾಗ ಕತ್ರೀನಾ ಚಂಡಮಾರುತ ಅವರ ಪ್ರದೇಶವನ್ನೇ ಮುಳುಗಿಸಿತ್ತು. ಆದರೂ ಬಂದರು, ಏಳೂವರೆ ಗಂಟೆಯಲ್ಲಿ ಗುರಿ ಮುಟ್ಟಿದರು. ಅನುದಾನಕ್ಕಾಗಿ ಅರ್ಜಿ ಹಾಕಿದ್ದರೆ ವಿಮೆ ಮಾರುವವರಿಗೆ ಯಾವ ಸಮಿತಿ ಒಂದು ಕಾಸು ಕೊಡುತ್ತಿತ್ತು?

ಪಂದ್ಯದ ಹಿರಿಮೆ ಇಲ್ಲೇ ಇದೆ ಎಂದು ನನ್ನ ಎಣಿಕೆ. ಸಂಶೋಧನೆಗೆ ಸರ್ಕಾರ ಹಣ ಕೊಡುವ ಮಾಮೂಲಿ ದಾರಿ ಅನುದಾನದ್ದು ಅಥವಾ ಗುತ್ತಿಗೆಯದ್ದು. ನೀವು ಯಾರು, ನಿಮ್ಮ ಪದವಿ ಏನು, ಹಿಂದೆ ಏನು ಮಾಡಿದ್ದೀರಿ ಎಂದು ಮೊದಲೇ ಕೇಳಿ, ಕೆಲಸಕ್ಕೆ ಮುಂಚೆ ಹಣ ಕೊಡುವುದು. ಡಾರ್ಪಾ ಅದನ್ನೂ ಮಾಡಿ ನೋಡಿತ್ತು. 1983ರಲ್ಲಿ ಶುರುವಾದ ದೊಡ್ಡ ಗಣಕ ಯೋಜನೆಯೊಂದರ ಭಾಗವಾಗಿ, ತಾನೇ ಓಡುವ ವಾಹನ ಮಾಡಿಕೊಡಿ ಎಂದು ದೊಡ್ಡ ರಕ್ಷಣಾ ಕಂಪನಿಯೊಂದಕ್ಕೆ ಗುತ್ತಿಗೆ ಕೊಟ್ಟಿತ್ತು. ಡೆನ್ವರ್ ಬಳಿ ಅದು ನಿಧಾನವಾಗಿ ತೆವಳಿತು. ದಶಕ ಮುಗಿಯುವ ಮುನ್ನವೇ ಸೇನೆ ಆಸಕ್ತಿ ಕಳೆದುಕೊಂಡಿತು. ಪಂದ್ಯದಲ್ಲಿ ಹಣ ಕೆಲಸ ಮುಗಿದ ಮೇಲೆ. ಆದ್ದರಿಂದ ‘ನೀವು ಯಾರು’ ಎಂಬ ಪ್ರಶ್ನೆಯೇ ಬೇಕಿಲ್ಲ. ಗೆದ್ದವರು ಯಾರೆಂದು ಹೇಳಲು ಪಂಡಿತರೂ ಬೇಕಿಲ್ಲ.

ಕರಾವಳಿಯ ಕೇಳುಗರಿಗೆ ಇದು ಬೇಗ ಹೊಳೆದೀತು. ಕಂಬಳದಲ್ಲಿ ಕನೆಹಲಗೆ ಎಂಬ ವಿಭಾಗವಿದೆಯಲ್ಲ? ಅಲ್ಲಿ ಕೋಣಗಳು ಎಷ್ಟು ಬೇಗ ಓಡಿದವು ಎನ್ನುವುದು ಲೆಕ್ಕಕ್ಕಿಲ್ಲ. ಹಲಗೆಯಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ಬಟ್ಟೆಯ ನಿಶಾನೆಗೆ ತಾಗಿತೇ ಇಲ್ಲವೇ ಎಂಬುದಷ್ಟೇ ಮುಖ್ಯ. ಆರೂವರೆ ಕೋಲಿನ ನಿಶಾನೆಗೆ ನೀರು ಹಾಯಿತು ಎಂದರೆ ಹಾಯಿತು. ಗದ್ದೆಯ ಅಂಚಿನಲ್ಲಿ ನಿಂತ ಮಗುವಿಗೂ ಅದು ಕಾಣುತ್ತದೆ. ಮೊಹಾವೆಯ ಪಂದ್ಯಕ್ಕೆ ಅಂಥ ನಿಶಾನೆಯೊಂದು ಇತ್ತು. ಆದರೆ ಕನೆಹಲಗೆಯ ಕೋಣಗಳನ್ನು ಪಳಗಿಸುವುದು ನೀರು ಎತ್ತರಕ್ಕೆ ಚಿಮ್ಮಲಿ ಎಂದೇ ಹೊರತು ವೇಗಕ್ಕಲ್ಲ. ಏನನ್ನು ಅಳೆಯುತ್ತೀರೋ ಅದಷ್ಟೇ ಬೆಳೆಯುತ್ತದೆ.

ಇದರ ಅಂದವಾದ ಉದಾಹರಣೆ 2015ರ ಜೂನ್ ತಿಂಗಳಲ್ಲಿ ಸಿಕ್ಕಿತು. ಜಪಾನಿನ ಫುಕುಶಿಮಾ ಅಣುಸ್ಥಾವರದ ದುರಂತದ ನಂತರ, ಮನುಷ್ಯರು ಕಾಲಿಡಲಾಗದ ಜಾಗಕ್ಕೆ ಹೋಗಬಲ್ಲ ರೋಬೋಟ್ ಬೇಕೆಂದು ಡಾರ್ಪಾ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಇನ್ನೊಂದು ಪಂದ್ಯ ಇಟ್ಟಿತು. ವಾಹನ ಓಡಿಸಬೇಕು, ಇಳಿಯಬೇಕು, ಬಾಗಿಲು ತೆರೆಯಬೇಕು, ವಾಲ್ವ್ ತಿರುಗಿಸಬೇಕು, ಗೋಡೆ ಕೊರೆಯಬೇಕು, ಕಲ್ಲುಮಣ್ಣಿನ ರಾಶಿ ದಾಟಬೇಕು, ಮೆಟ್ಟಿಲು ಹತ್ತಬೇಕು. ಕೋಟಿಗಟ್ಟಲೆ ಬೆಲೆಯ ಎರಡು ಕಾಲಿನ ಯಂತ್ರಗಳು ಬಾಗಿಲ ಹಿಡಿಕೆ ಮುಟ್ಟಲು ಹೋಗಿ ಕುಡುಕರಂತೆ ಬಿದ್ದವು. ಆ ಬೀಳುವಿಕೆಯ ವಿಡಿಯೊ ಜಗತ್ತೆಲ್ಲ ಸುತ್ತಿತು. ಗೆದ್ದದ್ದು ದಕ್ಷಿಣ ಕೊರಿಯಾದ ಕೈಸ್ಟ್ ಸಂಸ್ಥೆಯ ‘ಹುಬೊ’. ಇಂಥ ಎಂಟು ಕೆಲಸಗಳನ್ನು 44 ನಿಮಿಷ 28 ಸೆಕೆಂಡಿನಲ್ಲಿ ಮುಗಿಸಿ ಇಪ್ಪತ್ತು ಲಕ್ಷ ಡಾಲರ್ ಒಯ್ದಿತು. ಹೇಗೆ? ಅದರ ಮೊಣಕಾಲಿಗೂ ಪಾದಕ್ಕೂ ಚಕ್ರ ಹಚ್ಚಿದ್ದರು. ಸಮತಟ್ಟಾದ ಜಾಗ ಬಂದಾಗ ಮಂಡಿಯೂರಿ ಕುಳಿತು ಉರುಳಿಕೊಂಡು ಹೋಗುತ್ತಿತ್ತು. ಮೆಟ್ಟಿಲು ಬಂದಾಗ ಮಾತ್ರ ಎದ್ದು ನಿಲ್ಲುತ್ತಿತ್ತು. ನಡೆಯಲೇಬೇಕೆಂದು ನಿಯಮದಲ್ಲಿ ಎಲ್ಲಿ ಬರೆದಿತ್ತು? ಇದು ಮೋಸವಲ್ಲ, ಅಪ್ಪಟ ಜಾಣತನ. ನಡೆಯುವ ಯಂತ್ರದ ವಿದ್ಯೆ ಬೆಳೆಯಲೆಂದು ಆಸೆಪಟ್ಟವರಿಗೆ ಮಾತ್ರ ಸ್ವಲ್ಪ ನಿರಾಸೆಯಾಗಿರಬೇಕು.

ಹಣದ ಮಾತಿಗೆ ಬರೋಣ. ಪಂದ್ಯ ಅಗ್ಗ ಎಂದು ಅಧಿಕಾರಿಗಳಿಗೆ ಬಹಳ ಪ್ರೀತಿ. ಸರ್ಕಾರ ಕೊಡುವುದು ಒಬ್ಬರಿಗೆ, ದುಡಿಯುವವರು ನೂರು ತಂಡ. ಆ ತೊಂಬತ್ತೊಂಬತ್ತು ತಂಡಗಳ ಖರ್ಚು ಯಾರದು? ಮೊಹಾವೆಗೆ ಬಂದ ದೊಡ್ಡ ವಿಶ್ವವಿದ್ಯಾಲಯಗಳ ಹಿಂದೆ ಕಾರು ಕಂಪನಿಗಳೂ ಚಿಪ್ಪು ಕಂಪನಿಗಳೂ ಇದ್ದವು. ಚಿಕ್ಕವರು ಸ್ವಂತ ಜೇಬಿನಿಂದ ಹಾಕಿದರು. ಈ ಅನ್ಯಾಯ ಡಾರ್ಪಾಕ್ಕೂ ಕಂಡಿರಬೇಕು. 2007ರಲ್ಲಿ ವಿಕ್ಟರ್‌ವಿಲ್‌ನ ಹಳೆಯ ವಾಯುನೆಲೆಯಲ್ಲಿ ನಗರದ ಬೀದಿಗಳಂತೆ ರಸ್ತೆ ಮಾಡಿ, ಸಂಚಾರ ನಿಯಮ ಪಾಲಿಸುತ್ತ ಓಡುವ ಮೂರನೆಯ ಪಂದ್ಯ ಇಟ್ಟಾಗ, ಹನ್ನೊಂದು ತಂಡಗಳಿಗೆ ತಲಾ ಹತ್ತು ಲಕ್ಷ ಡಾಲರ್‌ವರೆಗೆ ಮೊದಲೇ ಕೊಟ್ಟಿತು. ಪಂದ್ಯಕ್ಕೆ ಅನುದಾನದ ಊರುಗೋಲು! ಆ ಸಲ ಕಾರ್ನೆಗಿ ಮೆಲನ್‌ನವರ ‘ಬಾಸ್’ ಗೆದ್ದು ಹಳೆಯ ಸೋಲಿನ ಲೆಕ್ಕ ತೀರಿಸಿತು, ಸ್ಟ್ಯಾನ್‌ಫರ್ಡ್ ಎರಡನೆಯದು. ಎಂಐಟಿ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯದ ಕಾರುಗಳು ಒಂದಕ್ಕೊಂದು ಡಿಕ್ಕಿ ಹೊಡೆದುಕೊಂಡವು. ಒಳಗೆ ಯಾರೂ ಇಲ್ಲದ ಎರಡು ಕಾರುಗಳ ಆ ಅಪಘಾತಕ್ಕೆ ಯಾರ ಮೇಲೆ ಕೇಸು ಹಾಕಬೇಕಿತ್ತೋ!

ಸರ್ಕಾರಕ್ಕೆ ತಾನು ಬಯಸಿದ್ದು ದಕ್ಕಿತೇ? ದಕ್ಕಲಿಲ್ಲ. 2015ರ ಹೊತ್ತಿಗೆ ಸೇನೆಯ ನೆಲದ ಯುದ್ಧವಾಹನಗಳಲ್ಲಿ ಮೂರರಲ್ಲೊಂದು ಭಾಗ ಸೈನಿಕರಿಲ್ಲದೆ ಓಡಬೇಕು ಎಂದು ಅಮೆರಿಕದ ಸಂಸತ್ತು ಗುರಿ ಇಟ್ಟಿತ್ತು, ಪಂದ್ಯಗಳು ಹುಟ್ಟಿದ್ದೇ ಆ ಒತ್ತಡದಲ್ಲಿ. 2015 ಬಂತು, ಹೋಯಿತು. ಮೂರರಲ್ಲೊಂದು ಎಲ್ಲೂ ಕಾಣಲಿಲ್ಲ. ಬದಲಿಗೆ ಬೇರೆಯದೇ ಬೆಳೆ ಬಂತು. ಥ್ರನ್, ‘ಬಾಸ್’ನ ತಾಂತ್ರಿಕ ಮುಖ್ಯಸ್ಥ ಕ್ರಿಸ್ ಅರ್ಮ್‌ಸನ್, ಮಗುಚಿ ಬಿದ್ದ ಮೋಟಾರ್ ಸೈಕಲ್ಲಿನ ಆಂಥೊನಿ ಲೆವಾಂಡೋವ್‌ಸ್ಕಿ, ಮೂವರೂ 2009ರಲ್ಲಿ ಗೂಗಲ್ ಶುರು ಮಾಡಿದ ಚಾಲಕರಹಿತ ಕಾರಿನ ಯೋಜನೆಯಲ್ಲಿ ಸೇರಿದರು. ಅದೇ ಮುಂದೆ ವೇಮೊ ಕಂಪನಿಯಾಗಿ, ಇಂದು ಫೀನಿಕ್ಸ್, ಸ್ಯಾನ್ ಫ್ರಾನ್ಸಿಸ್ಕೊ ಊರುಗಳಲ್ಲಿ ಚಾಲಕನಿಲ್ಲದ ಬಾಡಿಗೆ ಕಾರು ಓಡಿಸುತ್ತಿದೆ. ನನಗೆ ಇವರೆಲ್ಲರಿಗಿಂತ ಇಷ್ಟವಾಗುವವನು ಡೇವಿಡ್ ಹಾಲ್. ಈತನ ಉದ್ಯೋಗ ಧ್ವನಿವರ್ಧಕದ ಪೆಟ್ಟಿಗೆ ಮಾಡುವುದು. 2004ರಲ್ಲಿ ಪಂದ್ಯಕ್ಕಿಳಿದ, ಗೆಲ್ಲಲಿಲ್ಲ. 2005ರಲ್ಲಿ ಕಾರಿನ ತಲೆಯ ಮೇಲೆ ಗಿರಗಿರನೆ ತಿರುಗುತ್ತ ಸುತ್ತಲೂ ಲೇಸರ್ ಚೆಲ್ಲುವ ಯಂತ್ರ ಕೂರಿಸಿಕೊಂಡು ಬಂದ, ಆಗಲೂ ಗೆಲ್ಲಲಿಲ್ಲ. ಸ್ಪರ್ಧೆ ಸಾಕು ಎಂದು ಆ ಯಂತ್ರವನ್ನೇ ಮಾರತೊಡಗಿದ. 2007ರಲ್ಲಿ ಗುರಿ ಮುಟ್ಟಿದ ಆರು ಕಾರುಗಳಲ್ಲಿ ಐದರ ನೆತ್ತಿಯ ಮೇಲೆ ಅವನ ಯಂತ್ರವಿತ್ತು. ಬಹುಮಾನದ ಪಟ್ಟಿಯಲ್ಲಿ ಅವನ ಹೆಸರಿಲ್ಲ.

ಈಚಿನದಕ್ಕೆ ಬರುತ್ತೇನೆ. ಡಾರ್ಪಾ 2023ರ ಆಗಸ್ಟ್‌ನಲ್ಲಿ ಸಾರಿದ ಎಐ ಸೈಬರ್ ಚಾಲೆಂಜ್ 2025ರ ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಮುಗಿಯಿತು. ಆಸ್ಪತ್ರೆ, ಬ್ಯಾಂಕು, ವಿದ್ಯುತ್ ಜಾಲಗಳೆಲ್ಲ ಯಾರೋ ಪುಕ್ಕಟೆ ಬರೆದುಕೊಟ್ಟ ತಂತ್ರಾಂಶಗಳ ಮೇಲೆ ನಿಂತಿವೆ. ಅವುಗಳಲ್ಲಿ ಕಳ್ಳರು ನುಗ್ಗಬಹುದಾದ ಬಿರುಕುಗಳಿರುತ್ತವೆ. ಮನುಷ್ಯರ ಕೈ ಸೋಕದೆ, ಎಐ ತಾನೇ ಆ ಬಿರುಕನ್ನು ಹುಡುಕಿ ತಾನೇ ಮುಚ್ಚಬೇಕು. ಇಲ್ಲಿ ನಿಶಾನೆ ಕಟ್ಟಿದ ಬಗೆ ಚೆನ್ನಾಗಿತ್ತು. ಪಂದ್ಯದವರೇ ನಿಜವಾದ ತಂತ್ರಾಂಶಗಳೊಳಗೆ ಗೊತ್ತಿದ್ದೂ ಬಿರುಕುಗಳನ್ನು ಇಟ್ಟಿದ್ದರು. ಎಷ್ಟು ಸಿಕ್ಕವು, ಎಷ್ಟು ಮುಚ್ಚಿದವು ಎಂದು ಎಣಿಸಿದರಾಯಿತು. ಅಂತಿಮ ಸುತ್ತಿನ ಏಳು ತಂಡಗಳ ಯಂತ್ರಗಳು ಒಟ್ಟು 54 ಬಿರುಕು ಪತ್ತೆ ಹಚ್ಚಿ 43ನ್ನು ಸರಿಪಡಿಸಿದವು. ಅದರ ಜೊತೆ ಯಾರೂ ಇಡದ, ಯಾರಿಗೂ ತಿಳಿದಿರದ 18 ನಿಜವಾದ ದೋಷಗಳೂ ಸಿಕ್ಕವು. ಒಂದು ಕೆಲಸಕ್ಕೆ ತಗುಲಿದ ಸರಾಸರಿ ವೆಚ್ಚ ಸುಮಾರು 152 ಡಾಲರ್. ಜಾರ್ಜಿಯಾ ಟೆಕ್ ಮುಂತಾದವರ ‘ಟೀಮ್ ಅಟ್ಲಾಂಟಾ’ ನಲವತ್ತು ಲಕ್ಷ ಡಾಲರ್ ಗೆದ್ದಿತು. ಏಳು ಚಿಕ್ಕ ಕಂಪನಿಗಳಿಗೆ ಆರಂಭದಲ್ಲೇ ತಲಾ ಹತ್ತು ಲಕ್ಷ ಕೊಟ್ಟಿದ್ದರು. ಸೆಮಿಫೈನಲ್ ದಾಟಿದ ಏಳು ತಂಡಗಳಿಗೆ ತಲಾ ಇಪ್ಪತ್ತು ಲಕ್ಷ. ಗೆಲ್ಲದವನ ಅನ್ನದ ಚಿಂತೆಯನ್ನೂ ಪಂದ್ಯ ಕಟ್ಟಿದವರು ಕಲಿತಿದ್ದರು.

ನಮ್ಮ ದೇಶದಲ್ಲಿ? 2018ರ ಆಗಸ್ಟ್ 4ರಂದು ಬೆಂಗಳೂರಿನಲ್ಲೇ, ಅಂದಿನ ರಕ್ಷಣಾ ಸಚಿವೆ ನಿರ್ಮಲಾ ಸೀತಾರಾಮನ್ ನವೋದ್ಯಮಗಳಿಗೆಂದು ರಕ್ಷಣಾ ಸವಾಲಿನ ಸ್ಪರ್ಧೆಯೊಂದಕ್ಕೆ ಚಾಲನೆ ಕೊಟ್ಟರು. ಸೇನೆಯ ಸಾಗಣೆ ಮತ್ತು ಸರಬರಾಜಿನಲ್ಲಿ ಕೃತಕ ಬುದ್ಧಿಮತ್ತೆ ಎಂಬುದೂ ಆ ಸವಾಲುಗಳ ಪಟ್ಟಿಯಲ್ಲಿತ್ತು. ಆಯ್ಕೆಯಾದವರಿಗೆ ಆಗ ಒಂದೂವರೆ ಕೋಟಿ ರೂಪಾಯಿವರೆಗೆ ಹಣ ಇತ್ತು. ಅಷ್ಟೇ ಪಾಲನ್ನು ಕಂಪನಿಯೂ ಹಾಕಬೇಕಿತ್ತು. ಕೆಲಸ ಸಾಗಿದಂತೆ ಕಂತು ಕಂತಾಗಿ ಬಿಡುಗಡೆ. ಹೆಸರು ಸವಾಲಿನದಾದರೂ ಇದರ ಗುಣ ಅನುದಾನದ್ದು. ತಪ್ಪಿಲ್ಲ. ಆದರೆ ಇಲ್ಲಿ ಆಯ್ಕೆ ನಡೆಯುವುದು ಅರ್ಜಿಯ ಮೇಜಿನ ಮುಂದೆ, ಮೈದಾನದಲ್ಲಿ ಅಲ್ಲ. ನ್ಯೂ ಆರ್ಲಿಯನ್ಸ್ ಪಕ್ಕದ ಆ ವಿಮಾ ಕಂಪನಿಯಂಥವರು ಒಳಗೆ ಬರುವ ಕಿಂಡಿ ಇಲ್ಲಿ ಕಿರಿದು.

ಬಹುಮಾನದ ಥೈಲಿ ಇಲ್ಲದೆಯೂ ಪಂದ್ಯದ ಗುಣ ಬರಬಹುದು ಎಂಬುದಕ್ಕೆ ಹಳೆಯ ಸಾಕ್ಷಿಯಿದೆ. 1980ರ ದಶಕದ ಕೊನೆಯಲ್ಲಿ, ಮಾತು ಗುರುತಿಸುವ ಯಂತ್ರಗಳ ಸಂಶೋಧನೆಗೆ ಡಾರ್ಪಾ ಹಣ ಕೊಡುವಾಗ ಒಂದು ಕರಾರು ಹಾಕಿತು. ಎಲ್ಲರೂ ಒಂದೇ ಧ್ವನಿಮುದ್ರಣಗಳ ಮೇಲೆ ಪರೀಕ್ಷೆ ಬರೆಯಬೇಕು, ಅಮೆರಿಕದ ಮಾನಕ ಸಂಸ್ಥೆ ಅಂಕ ಹಾಕಬೇಕು, ಅಂಕಪಟ್ಟಿ ಎಲ್ಲರಿಗೂ ಕಾಣಬೇಕು. ಬಹುಮಾನ ಸೊನ್ನೆ. ಪಕ್ಕದ ವಿಶ್ವವಿದ್ಯಾಲಯದವರಿಗಿಂತ ಹಿಂದೆ ಬೀಳುವ ನಾಚಿಕೆಯೇ ಸಾಕಾಯಿತು. ವರ್ಷದಿಂದ ವರ್ಷಕ್ಕೆ ತಪ್ಪುಗಳು ಇಳಿದವು. ಥೈಲಿಗಿಂತ ಪ್ರಶ್ನೆಪತ್ರಿಕೆ ಮುಖ್ಯ ಎಂದು ನಾನು ಹೇಳುವುದು ಇದೇ ಆಧಾರದ ಮೇಲೆ.

ಕನ್ನಡಕ್ಕೆ ಅಂಥ ಪ್ರಶ್ನೆಪತ್ರಿಕೆ ಬೇಕಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನೊಂದಿಗೆ ‘ವಾಣಿ’ ಎಂಬ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರಿಗೆ ಚಿತ್ರ ತೋರಿಸಿ, ಅವರು ಅದನ್ನು ತಮ್ಮ ಮಾತಿನಲ್ಲಿ ಬಣ್ಣಿಸುವುದನ್ನು ಧ್ವನಿಮುದ್ರಿಸಿ ಎಲ್ಲರಿಗೂ ಬಿಡುತ್ತಿದೆ. ಅದು ಪಾಠಪುಸ್ತಕ ಇದ್ದಂತೆ. ಪರೀಕ್ಷೆಯನ್ನು ಸರ್ಕಾರ ಇಡಬಹುದು. ಕಲಬುರಗಿಯ ತೊಗರಿ ಬೆಳೆಗಾರ, ಕುಂದಾಪುರದ ಮೀನು ಮಾರುವಾಕೆ, ಚಾಮರಾಜನಗರದ ಸೋಲಿಗರ ಹಾಡಿಯ ಅಜ್ಜಿ, ಒಪ್ಪಿಗೆ ಕೊಟ್ಟು ಫೋನಿನಲ್ಲಿ ಕೇಳಿದ ಪ್ರಶ್ನೆಗಳು: ಬೆಳೆವಿಮೆ ಬಂತೇ, ಪಡಿತರ ಚೀಟಿಯಲ್ಲಿ ಮೊಮ್ಮಗಳ ಹೆಸರು ಯಾಕಿಲ್ಲ, ಪಿಂಚಣಿ ಯಾಕೆ ನಿಂತಿತು. ಯಂತ್ರ ಪ್ರಶ್ನೆಯನ್ನು ಸರಿಯಾಗಿ ಹಿಡಿದು ಸರಿಯಾದ ಕಚೇರಿಯ ದಾರಿ ತೋರಿಸಿತೇ ಇಲ್ಲವೇ? ಇದಕ್ಕೆ ಹೌದು ಅಥವಾ ಇಲ್ಲ ಎಂದು ಕೇಳಿದವರೇ ಹೇಳಬಲ್ಲರು.

ಎರಡು ಎಚ್ಚರ ಬೇಕು. ಈ ಯಂತ್ರಗಳು ಜಾಲದಲ್ಲಿ ಸಿಕ್ಕಿದ್ದನ್ನೆಲ್ಲ ಓದಿ ಬೆಳೆಯುವಂಥವು. ಪರೀಕ್ಷೆಯ ಧ್ವನಿಗಳು ಮೊದಲೇ ಹೊರಬಿದ್ದರೆ ಉತ್ತರ ಬಾಯಿಪಾಠ ಮಾಡಿಕೊಂಡು ಬರುತ್ತವೆ. ಸೋರಿಕೆಯ ಸಂಕಟವನ್ನು 2016ರಲ್ಲಿ ಪಿಯುಸಿ ರಸಾಯನಶಾಸ್ತ್ರ ಬರೆದ ನಮ್ಮ ಮಕ್ಕಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದ್ದರಿಂದ ಪ್ರತಿ ವರ್ಷ ಹೊಸ ಧ್ವನಿ, ಹೊಸ ಪ್ರಶ್ನೆ, ಫಲಿತಾಂಶದ ದಿನದವರೆಗೆ ಬೀಗ. ಇನ್ನೊಂದು, ಗೆದ್ದವರ ತಂತ್ರಾಂಶ ಎಲ್ಲರಿಗೂ ತೆರೆದಿರಬೇಕು. ಲಾಸ್ ವೇಗಸ್‌ನ ಸೈಬರ್ ಪಂದ್ಯದಲ್ಲಿ ಅಂತಿಮ ಸುತ್ತಿಗೆ ಬಂದವರು ತಮ್ಮ ಯಂತ್ರವನ್ನು ಸಾರ್ವಜನಿಕಕ್ಕೆ ಬಿಡಬೇಕೆಂದು ನಿಯಮವಿತ್ತು, ಬಿಟ್ಟಿದ್ದಾರೆ ಕೂಡ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಮ್ಮ ನಿಯಮಾವಳಿಯಲ್ಲೂ ಆ ಸಾಲು ಇರಲಿ. ಇಲ್ಲವಾದರೆ ನಮ್ಮ ಅಜ್ಜಿಯರ ಮಾತು ಕೇಳಿ ಕನ್ನಡ ಕಲಿತ ಯಂತ್ರವನ್ನು, ನಮ್ಮದೇ ಕಚೇರಿಗಳು ಆಮೇಲೆ ತಿಂಗಳಿಗಿಷ್ಟು ಎಂದು ಬಾಡಿಗೆ ಕೊಟ್ಟು ತರಬೇಕಾಗುತ್ತದೆ.